ಗ್ರೈಂಡರ್ ಕಲ್ಲು ತಟ್ಟಿ ನೋಡಿದ್ದೀರಾ?

ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ನಾನು ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ಲೇತ್ ಟೂಲ್‌ಗಳಿಗೆ ಸಾಣೆ ಹಿಡಿಯುವುದು ದಿನದ ಕೆಲಸ. ಮನೆಯ ಹಿಂದಿನ ಶೆಡ್‌ನಲ್ಲೂ 6 ಇಂಚಿನ ಬೆಂಚ್ ಗ್ರೈಂಡರ್, ಅಂದರೆ ಮೋಟಾರ್‌ನ ಎರಡೂ ಬದಿಗೆ ಸಾಣೆಕಲ್ಲು ಇರುವ ಯಂತ್ರ, ಇಟ್ಟುಕೊಂಡಿದ್ದೇನೆ. ಡ್ರಿಲ್ ಬಿಟ್, ಉಳಿ, ಮಚ್ಚು, ಎಲ್ಲಕ್ಕೂ ಅದೇ.

ಹೋದ ತಿಂಗಳು ಎಡಗಡೆಯ ಕಲ್ಲು ಬದಲಾಯಿಸಿದೆ. ಆಮೇಲೆ ಸ್ವಿಚ್ ಹಾಕಿದರೆ ಟೇಬಲ್ ಮೇಲಿದ್ದ ಸ್ಪ್ಯಾನರ್‌ಗಳೆಲ್ಲ ಕುಣಿಯತೊಡಗಿದವು. ಬೇರಿಂಗ್ ಹೋಯ್ತು ಅಂದುಕೊಂಡೆ. ಹೊಸದು ತರಲು ಗಾಡಿ ಕೀ ಕೂಡ ಕೈಗೆ ತೆಗೆದುಕೊಂಡಿದ್ದೆ. ಆದರೆ ಕಲ್ಲು ಹಾಕುವ ಮುಂಚೆ ಚೆನ್ನಾಗಿಯೇ ಓಡುತ್ತಿತ್ತಲ್ವಾ ಅಂತ ಹೊಳೆಯಿತು.

ಪ್ಲಗ್ ಕಿತ್ತು ಎರಡೂ ಕಡೆಯ ಕಲ್ಲು, ನಟ್, ಕಲ್ಲನ್ನು ಪಕ್ಕಗಳಿಂದ ಒತ್ತಿ ಹಿಡಿಯುವ ಲೋಹದ ಬಿಲ್ಲೆ (ಫ್ಲಾಂಜ್) ಬಿಚ್ಚಿದೆ. ಎಡಗಡೆಯ ನಟ್ ಲೆಫ್ಟ್ ಥ್ರೆಡ್. ಗಡಿಯಾರದ ಮುಳ್ಳು ಸುತ್ತುವ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಬಿಚ್ಚುತ್ತೇನೆ ಅಂತ ಬಿಗಿ ಮಾಡುತ್ತಾ ಹೋದವರನ್ನು ನೋಡಿದ್ದೇನೆ. ಬರೀ ಮೋಟಾರ್ ಓಡಿಸಿದೆ, ಸ್ವಲ್ಪವೂ ಅದುರಲಿಲ್ಲ. ಬಲಗಡೆಯ ಕಲ್ಲು ಹಾಕಿ ಓಡಿಸಿದೆ, ಆಗಲೂ ಸರಿ. ಉಳಿದದ್ದು ನಾನೇ ಹಾಕಿದ ಹೊಸ ಕಲ್ಲು.

ತಪ್ಪು ಎರಡಿತ್ತು. ಕಲ್ಲಿನ ತೂತು 31.75 ಮಿ.ಮೀ., ಅದು ಕೂರುವ ಮೋಟಾರ್ ಶಾಫ್ಟ್ 12.7. ನಡುವೆ ಕೂರುವ ಪ್ಲಾಸ್ಟಿಕ್ ಬುಷ್ ಬೇರೆ ಕಲ್ಲಿನದು, ಶಾಫ್ಟ್‌ಗೆ ಸಡಿಲ. ಹಾಗಾಗಿ ಕಲ್ಲು ಒಂದು ಪಕ್ಕಕ್ಕೆ ಕೂತಿತ್ತು. ಜೊತೆಗೆ ಕಲ್ಲಿನ ಎರಡೂ ಮುಖಕ್ಕೆ ಅಂಟಿಸಿದ್ದ ದಪ್ಪ ಕಾಗದವನ್ನು ಲೇಬಲ್ ಅಂತ ಸುಮ್ನೆ ಕಿತ್ತು ಹಾಕಿದ್ದೆ. ಫ್ಲಾಂಜ್‌ನ ಬಿಗಿ ಕಲ್ಲಿನ ಮೇಲೆ ಸಮನಾಗಿ ಬೀಳಲಿ ಅಂತಲೇ ಆ ಕಾಗದ ಇರುವುದು. ಅದಿಲ್ಲದೆ ನಟ್ ಬಿಗಿದರೆ ಒಂದೆರಡು ಜಾಗದಲ್ಲೇ ಒತ್ತಡ ಜಾಸ್ತಿಯಾಗುತ್ತದೆ.

ನಾನು ಅಪ್ರೆಂಟಿಸ್ ಆಗಿದ್ದಾಗ ನಮ್ಮ ಫೋರ್‌ಮನ್ ಒಂದು ಅಭ್ಯಾಸ ಹಿಡಿಸಿದ್ದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ ಕಲ್ಲನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಚೆನ್ನಾಗಿರುವ ಕಲ್ಲು ಟಿಣ್ ಅನ್ನುತ್ತದೆ. ಈ ಕಲ್ಲು ಠಪ್ ಅಂದಿತು. ಬೆಳಕಿಗೆ ಹಿಡಿದರೆ ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು.

ಆಗ ನಿಜಕ್ಕೂ ಕೈ ನಡುಗಿತು. 6 ಇಂಚಿನ ಕಲ್ಲು ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುತ್ತಿರುತ್ತದೆ. ಬಿರುಕಿನ ಕಲ್ಲು ಆ ವೇಗದಲ್ಲಿ ಸಿಡಿದರೆ ಚೂರು ನೇರ ಮೈಗೇ. ಸ್ವಿಚ್ ಹಾಕಿದಾಗ ನಾನು ಅದರ ಎದುರಿಗೇ ನಿಂತಿದ್ದೆ.

ಮತ್ತೊಂದು ಕಲ್ಲು ತಂದೆ. ತಟ್ಟಿ ನೋಡಿ, ಮೋಟಾರ್‌ಗಿಂತ ಹೆಚ್ಚಿನ ವೇಗ ಅದರ ಮೇಲೆ ಬರೆದಿದೆಯಾ ಅಂತ ಓದಿ, ಅದರದ್ದೇ ಬುಷ್ ಮತ್ತು ಕಾಗದದ ಜೊತೆ ಕೂರಿಸಿದೆ. ಸಾಣೆ ಹಿಡಿಯುವಾಗ ಟೂಲ್ ಊರುವ ಪಟ್ಟಿಯನ್ನು (ಟೂಲ್ ರೆಸ್ಟ್) ಕಲ್ಲಿಗೆ 3 ಮಿ.ಮೀ.ಗಿಂತ ಹೆಚ್ಚು ಸಂದಿ ಇರದಂತೆ ಹತ್ತಿರ ತಂದೆ. ಸ್ವಿಚ್ ಹಾಕಿ ಒಂದು ನಿಮಿಷ ಪಕ್ಕಕ್ಕೆ ನಿಂತೆ. ಸ್ಪ್ಯಾನರ್‌ಗಳು ಅಲುಗಲಿಲ್ಲ.

ಬಿರುಕು ಬಿಟ್ಟ ಕಲ್ಲನ್ನು ಹಾಗೇ ಎಸೆಯಲಿಲ್ಲ. ಯಾರಾದರೂ ಚೆನ್ನಾಗಿದೆ ಅಂತ ಎತ್ತಿಕೊಂಡು ಹೋಗಿ ಹಾಕಿಬಿಡಬಹುದು. ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ನಾಲ್ಕು ಚೂರು ಮಾಡಿ ಕಸಕ್ಕೆ ಹಾಕಿದೆ.