ಕ್ಯಾನ್ ಟೆಸ್ಟ್ ಪಾಸಾದ ಬಾರ್ಜ್

ಹಿಂದೊಮ್ಮೆ ನನ್ನ ಹಡಗಿನಲ್ಲಿ ಕೆಡೆಟ್ ಆಗಿದ್ದ ಅಂಕೋಲೆಯ ಹುಡುಗ ಈಗ ಸೆಕೆಂಡ್ ಆಫೀಸರ್. ಮೊನ್ನೆ ಒಂದು ವಿಡಿಯೊ ಕಳುಹಿಸಿದ: ಡಬ್ಬಿಯಲ್ಲಿ ಕಬ್ಬಿಣದ ಅದಿರಿನ ಪುಡಿ, ಅದನ್ನು ಡೆಕ್ಕಿಗೆ ಕುಟ್ಟುವ ಕೈ, ಕೊನೆಯಲ್ಲಿ ಒಣಗಿದ ಮೇಲ್ಮೈ. ‘ಕ್ಯಾನ್ ಟೆಸ್ಟ್ ಪಾಸ್ ಸರ್’ ಎಂದು ಒಕ್ಕಣೆ. ಕುಟ್ಟಿದಾಗ ಮೇಲೆ ನೀರೋ ಹೊಳಪೋ ಕಂಡರೆ ಸರಕಿನಲ್ಲಿ ತೇವ ಹೆಚ್ಚು ಎಂದರ್ಥ, ಕಾಣದಿದ್ದರೆ ಪಾಸ್. ಸ್ಯಾಂಪಲ್ ಎಲ್ಲಿಂದ ತೆಗೆದೆ ಎಂದು ಕೇಳಿದೆ. ‘ಬಾರ್ಜಿನಿಂದ ಸರ್’ ಎಂದ. ಹಡಗಿಗೆ ಅದಿರು ಹೊತ್ತು ತರುವ ಆ ಬಾರ್ಜಿನ ಯಾವ ಭಾಗದಿಂದ ಎಂಬುದು ಅವನಿಗೆ ಮುಖ್ಯವೆನಿಸಿರಲಿಲ್ಲ. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅದು 2011ರ ಮೇ ತಿಂಗಳ ಕೊನೆ. ಮರ್ಮಗೋವಾ ಬಂದರಿನ ಹೊರ ಲಂಗರಿನಲ್ಲಿ ನಮ್ಮ ಹಡಗು. ನಾನು ಆಗ ಸೆಕೆಂಡ್ ಆಫೀಸರ್. ಸರಕು ತುಂಬುವ ಐದು ಹೋಲ್ಡ್, ನಾಲ್ಕು ಕ್ರೇನ್. ಗೋವಾದಲ್ಲಿ ಅದಿರು ತುಂಬಿಸಿದವರಿಗೆ ಆ ವಾರಗಳ ಗಡಿಬಿಡಿ ಗೊತ್ತು. ಮಳೆಗಾಲ ಹಿಡಿದರೆ ಮಾಂಡೋವಿಯ ಬಾಯಲ್ಲಿರುವ ಅಗ್ವಾದದ ಮರಳುದಿಬ್ಬ ಬಾರ್ಜುಗಳಿಗೆ ದಾರಿ ಬಿಡುವುದಿಲ್ಲ. ಕುಂಭಾರ್ಜುವೆ ಕಾಲುವೆಯ ಮೂಲಕ ಜುವಾರಿಗೆ ಇಳಿದು ಬರಬೇಕು. ಹೊರ ಲಂಗರಿನಲ್ಲಿ ಅಲೆ ಎದ್ದರೆ ಬಾರ್ಜು ಹಡಗಿಗೆ ಆತು ನಿಲ್ಲುವುದೇ ಕಷ್ಟ. ಹಾಗಾಗಿ ಮೊದಲ ಮಳೆಗೆ ಮುಂಚೆ ಎಲ್ಲವನ್ನೂ ಸಾಗಿಸಿಬಿಡಬೇಕೆಂದು ಗಣಿಯವರು, ದಲ್ಲಾಳಿಗಳು, ಏಜೆಂಟರು ಎಲ್ಲರೂ ಓಡುತ್ತಿರುತ್ತಾರೆ. ಆ ವರ್ಷ ಮುಂಗಾರುಪೂರ್ವ ಮಳೆ ಅವರಿಗಿಂತ ಮುಂಚೆ ಬಂದು ರಾತ್ರಿ ರಾತ್ರಿ ಸುರಿದು ಹೋಗುತ್ತಿತ್ತು.

ಇಂಥ ಸರಕಿನ ಸಾಗಣೆಗೆ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಂಎಸ್‌ಬಿಸಿ ಕೋಡ್ ಕಡ್ಡಾಯವಾಗಿದ್ದೂ ಆ ವರ್ಷದ ಜನವರಿಯಿಂದಲೇ. ಅದಕ್ಕೂ ಮುಂಚೆ, 2009ರ ಮಳೆಗಾಲದಲ್ಲಿ, ಅದಿರಿನ ಪುಡಿ ಹೊತ್ತ ಎರಡು ಹಡಗುಗಳು ನಮ್ಮ ಕರಾವಳಿಯಲ್ಲೇ ಮುಳುಗಿದ್ದವು: ಮಂಗಳೂರಿನ ಹೊರಗೆ ಏಷಿಯನ್ ಫಾರೆಸ್ಟ್, ಪಾರಾದೀಪದ ಹೊರಗೆ ಬ್ಲ್ಯಾಕ್ ರೋಸ್. ಹೀಗಾಗಿ ಕಂಪನಿಯಿಂದ ಸುತ್ತೋಲೆಗಳ ಮಳೆಯೂ ಇತ್ತು. ತೇವ ಟಿಎಂಎಲ್, ಅಂದರೆ ಸುರಕ್ಷಿತವಾಗಿ ಸಾಗಿಸಬಹುದಾದ ತೇವದ ಮಿತಿ, ದಾಟಿದ ಸರಕನ್ನು ಹತ್ತಿಸಬೇಡಿ ಎಂದು ಎಲ್ಲ ಸುತ್ತೋಲೆಗಳೂ ಹೇಳುತ್ತಿದ್ದವು. ರಾತ್ರಿ ಎರಡು ಗಂಟೆಗೆ ಕ್ರೇನ್ ನಿಲ್ಲಿಸಿದ ಸೆಕೆಂಡ್ ಆಫೀಸರನ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದನ್ನು ಒಂದೂ ಹೇಳುತ್ತಿರಲಿಲ್ಲ.

ನಮ್ಮ ಚೀಫ್ ಆಫೀಸರ್ ಒಳ್ಳೆಯ ಮನುಷ್ಯ, ಆದರೆ ಆ ವಾರ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿಸಿಕೊಂಡು ಓಡಾಡುತ್ತಿದ್ದರು. ಹಡಗು ಎಷ್ಟು ಮುಳುಗಿದೆ ಎಂದು ನೋಡಿ ಸರಕು ಅಳೆಯುವ ಡ್ರಾಫ್ಟ್ ಸರ್ವೆ, ಸ್ಟೆಬಿಲಿಟಿ ಲೆಕ್ಕ, ಬಲ್ಲಾಸ್ಟ್ ಹೊರಹಾಕುವುದು, ಸರ್ವೇಯರನ ಜೊತೆ ಜಗಳ ಎಲ್ಲವೂ ಅವರದೇ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹತ್ತು ಗಂಟೆ ವಿಶ್ರಾಂತಿ, ಅದರಲ್ಲಿ ಒಮ್ಮೆಗೆ ಕನಿಷ್ಠ ಆರು ಗಂಟೆ ಎಂಬುದು ನಿಯಮ. ಅದನ್ನು ದಾಖಲಿಸಲು ಕಂಪನಿ ಕೊಟ್ಟ ಸಾಫ್ಟ್‌ವೇರಿಗೆ ನಿಜ ಹೇಳಿದರೆ ಚೌಕ ಕೆಂಪಾಗುತ್ತಿತ್ತು. ಕೆಂಪಾದರೆ ಕಚೇರಿಯಿಂದ ‘ಕಾರಣ ತಿಳಿಸಿ’ ಎಂಬ ಮೇಲ್. ಕಾರಣ ತಿಳಿಸುವ ಹೊತ್ತಿಗೆ ಇನ್ನೂ ಒಂದು ಗಂಟೆಯ ನಿದ್ದೆ ಹಾಳು. ಹೀಗಾಗಿ ಎಲ್ಲ ಚೌಕಗಳೂ ಹಸಿರಾಗಿದ್ದವು. ಮನುಷ್ಯರು ಮಾತ್ರ ಬಾಡಿದ್ದರು.

ಆ ರಾತ್ರಿ ಹನ್ನೊಂದೂವರೆಗೆ ಚೀಫ್ ಮಲಗಲು ಹೋದರು. ರಾತ್ರಿ ವಾಚಿನವರಿಗೆ ಬರೆದಿಟ್ಟ ನೈಟ್ ಆರ್ಡರಿನಲ್ಲಿ ಮಾಮೂಲಿ ಸಾಲು: ಅನುಮಾನ ಬಂದರೆ ಕರೆಯಿರಿ. ನಾನು ವಾಚ್ ವಹಿಸಿಕೊಂಡ ಸ್ವಲ್ಪ ಹೊತ್ತಿಗೆ ಎರಡು ಸಾವಿರ ಟನ್ನಿನಷ್ಟು ಹೊತ್ತ ಬಾರ್ಜೊಂದು ಮೂರನೇ ಹೋಲ್ಡಿನ ಪಕ್ಕಕ್ಕೆ ಬಂದು ಕಟ್ಟಿಕೊಂಡಿತು. ಸರ್ಟಿಫಿಕೇಟಿನಲ್ಲಿ ತೇವ ಶೇ 8.6, ಟಿಎಂಎಲ್ ಶೇ 9.4. ಕಾಗದ ಸರಿಯಾಗಿತ್ತು. ಮೇಲಿನ ತಾಡಪಾಲು ತೆಗೆದಾಗ ಅದಿರು ಒಣಗಿಯೇ ಕಂಡಿತು. ಕೆಡೆಟ್ ಇಳಿದು ಸ್ಯಾಂಪಲ್ ತಂದ. ಡಬ್ಬಿಯ ಅರ್ಧಕ್ಕೆ ತುಂಬಿ, ಒಂದು ಗೇಣಿನೆತ್ತರದಿಂದ ಇಪ್ಪತ್ತೈದು ಬಾರಿ ಕುಟ್ಟಿದೆವು. ನೀರೂ ಇಲ್ಲ, ಹೊಳಪೂ ಇಲ್ಲ. ಚೆಕ್‌ಲಿಸ್ಟಿಗೆ ಟಿಕ್ ಹಾಕಿ, ಅದಿರು ಬಾಚುವ ಕ್ರೇನಿನ ಗ್ರ್ಯಾಬ್ ಇಳಿಸಲು ಹೇಳಿದೆ.

ಬಾರ್ಜಿನ ಹಿಂಭಾಗದಲ್ಲಿ ಒಂದು ಪಂಪು ಓಡುತ್ತಿತ್ತು. ಪೈಪಿನಿಂದ ಕೆಂಪು ನೀರು ಸಮುದ್ರಕ್ಕೆ ಬೀಳುತ್ತಿತ್ತು. ಅದನ್ನು ನಾನು ನೋಡಿದೆ. ನೋಡಿ, ಇವರು ಪರವಾಗಿಲ್ಲ, ಮಳೆನೀರು ನಿಲ್ಲಲು ಬಿಡದೆ ತೆಗೆಯುತ್ತಿದ್ದಾರೆ ಎಂದುಕೊಂಡೆ. ಬಾರ್ಜು ನಡೆಸುವ ಸರಂಗ್‌ಗೆ ಕೈ ಎತ್ತಿ ಮೆಚ್ಚುಗೆಯನ್ನೂ ಸೂಚಿಸಿದ ನೆನಪು. ಅವನು ಮುಖ ತಿರುಗಿಸಿದ್ದು ಕತ್ತಲಲ್ಲಿ ಕಾಣದೆ ಇರಬೇಕು ಎಂದು ಆಗ ಅನಿಸಿತ್ತು.

ಒಂದು ಗಂಟೆ ಕಳೆಯಿತು. ನಾನು ಮುಂದಿನ ಡ್ರಾಫ್ಟ್ ಓದಿ, ಲಂಗರಿನ ಸರಪಳಿ ನೋಡಿ ಹಿಂದಿರುಗುತ್ತಿದ್ದಾಗ ಹೋಲ್ಡಿನ ಬಾಯಿಯಾದ ಹ್ಯಾಚಿನ ಅಂಚಿನಲ್ಲಿದ್ದ, ಕೂಲಿ ತಂಡದ ಫೋರ್‌ಮನ್ ಕೈಸನ್ನೆ ಮಾಡಿದರು. ನರಗುಂದದ ಕಡೆಯವರು, ವಾಸ್ಕೊದ ಬೈನಾದಲ್ಲಿ ಮನೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬರೇ ಎನ್ನುತ್ತಿದ್ದರು. ಪಕ್ಕದಲ್ಲಿ ಸಾಗಣೆದಾರರ ಮನುಷ್ಯ ನಿಂತಿದ್ದ. ಅವನಿಗೆ ಕನ್ನಡ ಬರುತ್ತಿರಲಿಲ್ಲ.

“ಸಾಹೇಬರೇ, ಮಹದಾಯಿ ನೀರಿಗಾಗಿ ಊರಿನಲ್ಲಿ ನಾವು ಬಡಿದಾಡುತ್ತೇವೆ. ಇಲ್ಲಿ ನೋಡಿ, ಬಿಟ್ಟಿಯಾಗಿ ನಿಮ್ಮ ಹೋಲ್ಡಿಗೆ ಬರುತ್ತಿದೆ” ಎಂದರು, ಹವಾಮಾನದ ಮಾತಾಡುವ ಧ್ವನಿಯಲ್ಲಿ. ಗೋವಾದ ಮಾಂಡೋವಿ ನಮ್ಮ ಮಹದಾಯಿಯೇ ಎಂಬುದು ನೆನಪಾಗಿ ನಕ್ಕೆ. ಅವರು ನಗಲಿಲ್ಲ. “ಈ ಬಾರ್ಜು ಎರಡು ದಿನ ಹೊಳೆಯ ಬಾಯಲ್ಲಿ ನಿಂತಿತ್ತು. ತಾಡಪಾಲು ಹಾಕಿದ್ದು ಮಳೆ ನಿಂತ ಮೇಲೆ. ಗ್ರ್ಯಾಬ್ ಈಗ ಎಲ್ಲಿಂದ ಎತ್ತುತ್ತಿದೆ ನೋಡಿ.”

ಗ್ರ್ಯಾಬ್ ಬಾರ್ಜಿನ ತಳ ಮುಟ್ಟುತ್ತಿತ್ತು. ಮೇಲೇಳುವಾಗ ದವಡೆಯ ಸಂದಿಯಿಂದ ಧಾರೆಯಾಗಿ ಸೋರುತ್ತಿತ್ತು. ಟಾರ್ಚ್ ಹಿಡಿದು ಹೋಲ್ಡಿಗೆ ಬಗ್ಗಿದೆ. ಮೊದಲು ಸುರಿದದ್ದು ಗೋಪುರದಂತೆ ಮೊನಚಾಗಿ ನಿಂತಿತ್ತು. ಈಗ ಬೀಳುತ್ತಿದ್ದದ್ದು ಆ ಗೋಪುರದ ಬುಡದಲ್ಲಿ ಚಪ್ಪಟೆಯಾಗಿ ಹರಡಿ, ಹೋಲ್ಡಿನ ಗೋಡೆಗೆ ಕೆಂಪಾಗಿ ಸಿಡಿಯುತ್ತಿತ್ತು. ಪಂಪಿನ ಅರ್ಥ ಆಗ ಹೊಳೆಯಿತು. ಮೇಲೆ ಬಿದ್ದ ಮಳೆ ಎರಡು ದಿನದಲ್ಲಿ ಜಿನುಗಿ ತಳಕ್ಕೆ ಇಳಿದಿತ್ತು. ಅವರು ತೆಗೆಯುತ್ತಿದ್ದದ್ದು ಅದಿರಿನ ಅಡಿಯಲ್ಲಿ ನಿಂತ ನೀರನ್ನು. ನಾವು ಡಬ್ಬಿಯಲ್ಲಿ ಕುಟ್ಟಿದ್ದು ಬಿಸಿಲಿಗೆ ಒಣಗಿದ ಮೇಲಿನ ಒಂದು ಮೊಳವನ್ನು. ಅದು ಬೆಳಗಿನವರೆಗೆ ಕುಟ್ಟಿದರೂ ಪಾಸಾಗುತ್ತಿತ್ತು.

ಮುಂದಿನ ಹತ್ತು ಹನ್ನೆರಡು ನಿಮಿಷಗಳಲ್ಲಿ ನಾನು ಮಾಡಿದ್ದು ಬಹಳ ಕಡಿಮೆ. ಚೀಫ್ ಮಲಗಿ ಎರಡು ಗಂಟೆಯೂ ಆಗಿರಲಿಲ್ಲ. ಅವರನ್ನು ಎಬ್ಬಿಸುವುದು ನನಗೆ ಪಾಪವೆನಿಸಿತು. ಇನ್ನೊಂದು ಸ್ಯಾಂಪಲ್ ತೆಗೆದು ಖಚಿತ ಮಾಡಿಕೊಂಡೇ ಕರೆಯೋಣ, ಕೈಯಲ್ಲಿ ಪುರಾವೆ ಇರಲಿ ಎಂದುಕೊಂಡು ಕೆಡೆಟ್‌ನನ್ನು ಮತ್ತೆ ಬಾರ್ಜಿಗೆ ಇಳಿಸಿದೆ. ಅವನು ಪೈಲಟ್ ಏಣಿಯಲ್ಲಿ ಇಳಿಯುವಷ್ಟು ಹೊತ್ತು, ತಳದಿಂದ ಕೆದಕುವಷ್ಟು ಹೊತ್ತು, ಹತ್ತುವಷ್ಟು ಹೊತ್ತು ಕ್ರೇನ್ ನಿಂತಿರಲಿಲ್ಲ. ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ. ಚೀಫ್‌ನ ಅಪ್ಪಣೆಯಿಲ್ಲದೆ ನಿಲ್ಲಿಸಬಹುದೇ ಎಂದು ಯೋಚಿಸುತ್ತಿದ್ದೆ, ಅವರನ್ನು ಎಬ್ಬಿಸದೆ ಅಪ್ಪಣೆ ಪಡೆಯುವ ದಾರಿ ಹುಡುಕುತ್ತಿದ್ದೆ. ಫೋರ್‌ಮನ್ ಒಂದೂ ಮಾತಾಡದೆ ನನ್ನ ಮುಖ, ಗ್ರ್ಯಾಬಿನ ಮುಖ ನೋಡುತ್ತಿದ್ದರು. ಅವರ ತಂಡಕ್ಕೆ ಕೂಲಿ ಟನ್ನಿನ ಲೆಕ್ಕದಲ್ಲಿ. ಕ್ರೇನ್ ನಿಂತರೆ ನಷ್ಟ ಅವರದೇ.

ಎರಡನೇ ಡಬ್ಬಿ ಹತ್ತು ಏಟಿಗೇ ಕನ್ನಡಿಯಂತೆ ಹೊಳೆಯಿತು. ಆಗ ನಿಲ್ಲಿಸಿದೆ.

ನಿಲ್ಲಿಸಿದ ಮರುಕ್ಷಣ ಸಾಗಣೆದಾರರ ಮನುಷ್ಯ ಸರ್ಟಿಫಿಕೇಟ್ ಹಿಡಿದು ಕಿರುಚತೊಡಗಿದ. ವಿಎಚ್‌ಎಫ್ ರೇಡಿಯೊದಲ್ಲಿ ಏಜೆಂಟನ ಧ್ವನಿ. ಚೀಫ್ ಬನಿಯನ್ನಿನ ಮೇಲೆಯೇ ಬಾಯ್ಲರ್ ಸೂಟ್ ಎಳೆದುಕೊಂಡು ಬಂದರು. ಡಬ್ಬಿ ನೋಡಿದರು, ಹೋಲ್ಡ್ ನೋಡಿದರು, ಕ್ಯಾಪ್ಟನ್‌ಗೆ ಕರೆ ಮಾಡಿದರು. ಬಾರ್ಜನ್ನು ಬಿಚ್ಚಿ ಕಳುಹಿಸಿ ಎಂದು ಹೇಳಲು ಅವರಿಗೆ ಐದು ನಿಮಿಷ ಸಾಕಾಯಿತು. ಆಮೇಲೆ ನನ್ನತ್ತ ತಿರುಗಿ, ಸರಕಿನ ಬಗ್ಗೆ ಒಂದು ಮಾತೂ ಕೇಳದೆ, “ನಿನಗೆ ಅನುಮಾನ ಬಂದದ್ದು ಎಷ್ಟು ಗಂಟೆಗೆ? ನನ್ನನ್ನು ಕರೆದದ್ದು ಎಷ್ಟು ಗಂಟೆಗೆ?” ಎಂದರು. ಎರಡನ್ನೂ ಡೆಕ್ ಲಾಗಿನಲ್ಲಿ ಬರೆಸಿದರು. ಆ ಎರಡು ಸಮಯಗಳ ನಡುವೆ ಒಳಗೆ ಹೋದ ಗ್ರ್ಯಾಬುಗಳ ಲೆಕ್ಕವನ್ನೂ ಬರೆಸಿದರು. ನಿದ್ದೆಗೆಟ್ಟ ಮನುಷ್ಯನ ಮೇಲೆ ನನಗಿದ್ದ ಕನಿಕರಕ್ಕೆ ಟನ್ನಿನ ಲೆಕ್ಕ ಹಾಕಿದ್ದು ಅವರೊಬ್ಬರೇ.

ಹೋಲ್ಡಿಗೆ ಬಿದ್ದಿದ್ದ ಆ ಕೆಸರನ್ನು ಗ್ರ್ಯಾಬಿನಿಂದಲೇ ತೆಗೆದು ಬಾರ್ಜಿಗೆ ಹಿಂದಿರುಗಿಸಬೇಕಾಯಿತು. ಹೋಲ್ಡಿನ ತಳದಲ್ಲಿ ನೀರು ಸೇರುವ ಬಿಲ್ಜ್ ಬಾವಿಗಳ ನೀರನ್ನು ಬೆಳಗಿನವರೆಗೆ ಅಳೆದೆವು. ಸ್ವತಂತ್ರ ಸರ್ವೇಯರ್ ಬಂದರು, ಪ್ರತಿಭಟನಾ ಪತ್ರಗಳು ಎರಡೂ ಕಡೆಯಿಂದ ಹಾರಾಡಿದವು. ಅದೆಲ್ಲ ನೀರಸ.

ಕೆಲವರು ಕೇಳುತ್ತಾರೆ, ಐವತ್ತು ಸಾವಿರ ಟನ್ನಿನ ಹಡಗಿಗೆ ಒಂದು ಬಾರ್ಜಿನ ತೇವ ಯಾವ ಲೆಕ್ಕ ಎಂದು. ತೇವ ಸರಾಸರಿಯಾಗಿ ಕೂರುವುದಿಲ್ಲ. ಎಂಜಿನ್ನಿನ ನಡುಕಕ್ಕೆ, ಅಲೆಯ ಹೊಡೆತಕ್ಕೆ ಪುಡಿ ಒತ್ತಿಕೊಳ್ಳುತ್ತದೆ, ಕಣಗಳ ನಡುವಿನ ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಆ ಭಾಗ ದ್ರವದಂತೆ ಹರಿಯುತ್ತದೆ. ಹಡಗು ಒಂದು ಕಡೆಗೆ ಹೊರಳಿದಾಗ ಹರಿದದ್ದು ಮರುಹೊರಳಿಗೆ ಪೂರ್ತಿ ಹಿಂದಿರುಗುವುದಿಲ್ಲ. ಹೀಗೆ ವಾಲುತ್ತ ಹೋಗುವ ಹಡಗಿನಲ್ಲಿ ಲೈಫ್‌ಬೋಟ್ ಇಳಿಸಲು ಕೂಡ ಸಮಯ ಸಿಗದಿರಬಹುದು. 2010ರ ಕೊನೆಯ ತಿಂಗಳುಗಳಲ್ಲಿ ಇಂಡೋನೇಷ್ಯಾದ ನಿಕಲ್ ಅದಿರು ಹೊತ್ತ ಮೂರು ಹಡಗುಗಳು ಹೀಗೆ ಹೋದವು.

ಈಗ ನಾನು ಚೀಫ್ ಆಫೀಸರ್. ಕ್ಯಾನ್ ಟೆಸ್ಟ್ ಪಾಸಾದರೆ ಸರಕು ಸುರಕ್ಷಿತ ಎಂದು ಅರ್ಥವಲ್ಲ, ಫೇಲಾದರೆ ಮಾತ್ರ ಅದಕ್ಕೆ ಅರ್ಥ ಎಂದು ನೈಟ್ ಆರ್ಡರಿನಲ್ಲಿ ಬರೆಯುತ್ತೇನೆ. ಬಾರ್ಜು ಅರ್ಧ ಖಾಲಿಯಾದಾಗ ಒಮ್ಮೆ, ತಳ ಕಂಡಾಗ ಒಮ್ಮೆ ಸ್ಯಾಂಪಲ್. ಕ್ರೇನ್ ಮೊದಲು ನಿಲ್ಲಲಿ, ಫೋನ್ ಆಮೇಲೆ. ‘ಅನುಮಾನ ಬಂದರೆ’ ಎಂಬುದನ್ನು ತೆಗೆದುಹಾಕಿದ್ದೇನೆ. ಗ್ರ್ಯಾಬ್ ಸೋರಿದರೆ, ರಾಶಿ ಚಪ್ಪಟೆಯಾದರೆ, ಬಾರ್ಜಿನಲ್ಲಿ ಪಂಪು ಓಡುತ್ತಿದ್ದರೆ ಎಂದು ಬಿಡಿಸಿ ಬರೆಯುತ್ತೇನೆ. ಇದರಿಂದ ನನ್ನ ನಿದ್ದೆ ವಾರಕ್ಕೆ ನಾಲ್ಕಾರು ಬಾರಿ ಕೆಡುತ್ತದೆ, ಹೆಚ್ಚಿನ ಸಲ ಕಾರಣವಿಲ್ಲದೆ. ಆ ಗಂಟೆಗಳನ್ನು ಇದ್ದಂತೆಯೇ ಸಾಫ್ಟ್‌ವೇರಿಗೆ ಹಾಕುತ್ತೇನೆ. ಚೌಕಗಳು ಕೆಂಪಾಗುತ್ತವೆ, ಕಚೇರಿಯಿಂದ ಮೇಲ್ ಬರುತ್ತದೆ. ಕಾರಣದ ಜಾಗದಲ್ಲಿ ‘ಸರಕು’ ಎಂದಷ್ಟೇ ಬರೆಯುತ್ತೇನೆ. ಇನ್ನೊಬ್ಬ ಆಫೀಸರನ್ನು ಕೊಡಿ ಎಂದು ಮೊದಲೆಲ್ಲ ಬರೆಯುತ್ತಿದ್ದೆ. ಅದಕ್ಕೆ ಮಾತ್ರ ಈವರೆಗೆ ಮೇಲ್ ಬಂದಿಲ್ಲ.