ಪಾಪ್ಯುಲೇಶನ್ ಎಷ್ಟಿಡಬೇಕು ಸರ್?

ಒಂದು ಸಮಸ್ಯೆಗೆ ಹಲವು ಉತ್ತರಗಳನ್ನು ಒಟ್ಟಿಗೆ ಇಟ್ಟು, ಒಳ್ಳೆಯವನ್ನು ಆರಿಸಿ ಬೆರೆಸುತ್ತ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುವ ವಿಧಾನವೇ ಜೆನೆಟಿಕ್ ಅಲ್ಗಾರಿದಮ್; ಆ ಉತ್ತರಗಳ ಗುಂಪೇ ಪಾಪ್ಯುಲೇಶನ್. ಅದರ ಪಾಠ ಮುಗಿಸಿ ಲ್ಯಾಬಿಗೆ ಹೋದ ದಿನ ತಪ್ಪದೆ ಬರುವ ಪ್ರಶ್ನೆ ಇದು: "ಸರ್, ಶುರುವಿಗೆ ಪಾಪ್ಯುಲೇಶನ್ ಎಷ್ಟಿಡೋದು? ನೂರು ಇಟ್ರೆ ಸಾಕಾ?"

50ರಿಂದ 100 ಇಡಿ ಎಂಬ ಮಾತು ಹಳೆಯದು. 1975ರಲ್ಲಿ ಕೆನೆತ್ ಡಿ ಜಾಂಗ್ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ, ಪರೀಕ್ಷೆಗೆಂದು ಆರಿಸಿದ ಐದು ಗಣಿತದ ಫಂಕ್ಷನ್‌ಗಳ ಮೇಲೆ ಪ್ರಯೋಗ ಮಾಡಿ ಆ ಆಸುಪಾಸಿನ ಸಂಖ್ಯೆ ಹೇಳಿದ್ದರು. 1986ರಲ್ಲಿ ಇನ್ನೊಬ್ಬ ಸಂಶೋಧಕ ಗ್ರೆಫೆನ್‌ಸ್ಟೆಟ್ ಅದೇ ಫಂಕ್ಷನ್‌ಗಳಿಗೆ 30 ಸಾಕು ಎಂದರು. ಅವೆರಡೂ ಅವರವರ ಲೆಕ್ಕಕ್ಕೆ ಸರಿ. ನಿಮ್ಮ ಲೆಕ್ಕ ಬೇರೆ.

ಹಾಗಾಗಿ ನಾನು ಮೊದಲು ಒಂದು ಕೆಲಸ ಮಾಡಿಸುತ್ತೇನೆ. 50 ಬಿಟ್‌ಗಳ (0 ಅಥವಾ 1) ಐದು ಸಾಲುಗಳನ್ನು, ಸಾಲಿಗೊಂದು ಉತ್ತರದಂತೆ, ರ‍್ಯಾಂಡಮ್ ಆಗಿ ತೆಗೆದು, ಒಂದರ ಕೆಳಗೊಂದು ಪ್ರಿಂಟ್ ಮಾಡಿ ಅಂತೀನಿ. ಈಗ ಅಡ್ಡಕ್ಕೆ ಓದಬೇಡಿ, ಮೇಲಿನಿಂದ ಕೆಳಗೆ ಓದಿ. ಸರಾಸರಿ ಮೂರು ಕಾಲಂಗಳಲ್ಲಿ ಐದಕ್ಕೆ ಐದೂ 0, ಇಲ್ಲವೇ ಐದಕ್ಕೆ ಐದೂ 1 ಇರುತ್ತವೆ. ಎಲ್ಲ 0 ಇರುವ ಕಾಲಂನಲ್ಲಿ ಉತ್ತರಕ್ಕೆ 1 ಬೇಕಿದ್ದರೆ, ಎರಡು ಸಾಲುಗಳನ್ನು ಬೆರೆಸಿ ಹೊಸ ಸಾಲು ಮಾಡುವ ಕ್ರಾಸ್‌ಓವರ್ ಅನ್ನು ಸಾವಿರ ಸಲ ಮಾಡಿದರೂ ಅದು ಹುಟ್ಟುವುದಿಲ್ಲ. ತಂದೆಯಲ್ಲೂ ಇಲ್ಲ, ತಾಯಿಯಲ್ಲೂ ಇಲ್ಲ, ಮಗುವಿಗೆ ಎಲ್ಲಿಂದ ಬರಬೇಕು? ಮ್ಯುಟೇಶನ್, ಅಂದರೆ ಬಿಟ್ ಒಂದನ್ನು ಆಕಸ್ಮಿಕವಾಗಿ ತಿರುಗಿಸುವುದು, ಒಂದೇ ಗತಿ. ಸಾಲುಗಳನ್ನು 17ಕ್ಕೆ ಏರಿಸಿ ನೋಡಿ. ಇಂಥ ಒಂದು ಕಾಲಂ ಆದರೂ ಸಿಗುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಈ ಲೆಕ್ಕವನ್ನು 1993ರಲ್ಲಿ ಸಂಶೋಧಕ ಕಾಲಿನ್ ರೀವ್ಸ್ ತೋರಿಸಿದಾಗಿನಿಂದ ನನಗೆ ತುಂಬ ಇಷ್ಟ, ಹದಿನೇಳೇ!

ಆದರೆ ಬೇಕಾದ ಬಿಟ್ ಶುರುವಿನಲ್ಲಿ ಇದ್ದರೆ ಸಾಲದು, ಉಳಿಯಬೇಕು. ಒಳ್ಳೆಯ ಬಿಟ್ ಒಂದು ಕೆಟ್ಟ ಸಾಲಿನಲ್ಲಿ ಕೂತಿದ್ದರೆ ಸಾಲಿನ ಜೊತೆ ಅದೂ ಹೋಗುತ್ತದೆ. ಗುಂಪು ಚಿಕ್ಕದಾದಷ್ಟೂ ಈ ನಷ್ಟ ಬೇಗ. ಬಿಟ್‌ಗಳು ಒಂದಕ್ಕೊಂದು ಹೆಣೆದುಕೊಂಡ ಸಮಸ್ಯೆಗಳಲ್ಲಿ 17 ಏನಕ್ಕೂ ಸಾಲದು.

ಹಾಗಂತ ಐನೂರು ಇಟ್ಟುಬಿಡೋಣವೇ? ಅಲ್ಲಿ ಗಡಿಯಾರ ಅಡ್ಡ ಬರುತ್ತದೆ. ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್‌ನಲ್ಲಿ ಒಂದು ಫಿಟ್‌ನೆಸ್ ಲೆಕ್ಕಕ್ಕೆ (ಅಂದರೆ ಒಂದು ಉತ್ತರ ಎಷ್ಟು ಒಳ್ಳೆಯದೆಂದು ಅಳೆಯಲು) 20 ಸೆಕೆಂಡ್ ಹಿಡಿಯುತ್ತಿತ್ತು, ಯಂತ್ರ ಸಿಗುತ್ತಿದ್ದುದು ಮೂರು ಗಂಟೆ. ಅಂದರೆ ಒಟ್ಟು 540 ಲೆಕ್ಕ. ಪಾಪ್ಯುಲೇಶನ್ 100 ಇಟ್ಟರೆ ಐದು ತಲೆಮಾರು ದಾಟುವಷ್ಟರಲ್ಲಿ ಸಮಯ ಮುಗಿಯಿತು; ಐದು ತಲೆಮಾರಲ್ಲಿ ಏನು ವಿಕಾಸ ಆದೀತು? 20 ಇಟ್ಟರೆ 27 ತಲೆಮಾರು. ಅವಳಿಗೆ 20 ಇಡು, ಮ್ಯುಟೇಶನ್ ತುಸು ಏರಿಸು ಎಂದೆ.

ಇಷ್ಟು ಬಿಗಿ ಇಲ್ಲದವರಿಗೆ ನನ್ನ ಉತ್ತರ: 20ರಿಂದ ಶುರು ಮಾಡಿ, 40, 80, 160 ಹೀಗೆ ಇಮ್ಮಡಿ ಮಾಡುತ್ತ ಹೋಗಿ. 1999ರಲ್ಲಿ ಸಂಶೋಧಕರಾದ ಹಾರಿಕ್ ಮತ್ತು ಲೋಬೊ ಈ ಇಮ್ಮಡಿಯನ್ನೇ ಅಲ್ಗಾರಿದಮ್ ಒಳಗೆ ಕೂರಿಸಿದ್ದರು. ಪ್ರತಿ ಗಾತ್ರಕ್ಕೂ ಬೇರೆ ಬೇರೆ ಸೀಡ್ (ರ‍್ಯಾಂಡಮ್ ಸಂಖ್ಯೆಗಳನ್ನು ಶುರು ಮಾಡುವ ಅಂಕೆ) ಕೊಟ್ಟು ಹತ್ತು ಸಲವಾದರೂ ಓಡಿಸಿ, ಏಕೆಂದರೆ ಒಂದೇ ಓಟದಲ್ಲಿ ಅದೃಷ್ಟ ಎಷ್ಟು, ಗಾತ್ರ ಎಷ್ಟು ಅಂತ ಗೊತ್ತಾಗುವುದಿಲ್ಲ. ಇಮ್ಮಡಿ ಮಾಡಿದರೂ ಉತ್ತರ ಸುಧಾರಿಸದಿದ್ದರೆ ಅದರ ಹಿಂದಿನ ಸಂಖ್ಯೆಯನ್ನೇ ಇಟ್ಟುಕೊಳ್ಳಿ. ರಿಪೋರ್ಟ್‌ನಲ್ಲಿ ಆ ಹತ್ತೂ ಓಟಗಳ ಫಲಿತಾಂಶ ಬರೆಯಿರಿ, ಚೆನ್ನಾಗಿ ಬಂದ ಒಂದನ್ನು ಮಾತ್ರ ಅಲ್ಲ.