ಹಸೆ ಚಿತ್ತಾರದ ಎಳೆ, ಜಿಂಪ್‌ನಿಂದ ಲೇಸರ್‌ವರೆಗೆ: ಎಸ್‌ವಿಜಿ ರಫ್ತಿನ ಕೆಲಸದ ದಾಖಲೆ

ಗುರಿ ಇಷ್ಟು: 240 × 120 ಮಿಮೀ ಅಳತೆಯ, 3 ಮಿಮೀ ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಫಲಕ. ಅಂಚಿನಲ್ಲಿ ಹಸೆ ಚಿತ್ತಾರದ (ಮಲೆನಾಡಿನ ಮನೆಗೋಡೆಯ ಚಿತ್ರಕಲೆ) ಎಳೆಗಳ, ಅಂದರೆ ಗೆರೆಗಳ, ಲೇಸರ್ ಕೆತ್ತನೆ. ನಡುವೆ ‘ವಧೂವರ’ ಎಂಬ ಪದ, ಬೇರೆ ಹಾಳೆಯಲ್ಲಿ ಒಂದೇ ತುಂಡಾಗಿ ಕತ್ತರಿಸಿ ಮೇಲೆ ಅಂಟಿಸುವುದಕ್ಕೆ. ಗೆರೆ ಬಿಡಿಸುವುದು ಫೋಟೊ ತಿದ್ದುವ ತಂತ್ರಾಂಶ ಜಿಂಪ್‌ನ ಪಾತ್ (ಬಿಂದುಗಳನ್ನು ಜೋಡಿಸಿದ ಗೆರೆ) ಉಪಕರಣದಲ್ಲಿ, ತಿದ್ದುವುದು ಗೆರೆಚಿತ್ರದ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ. ನಡುವೆ ಸಾಗುವ ಕಡತ ಎಸ್‌ವಿಜಿ: ಪಿಕ್ಸೆಲ್ ಬದಲು ಗೆರೆಗಳನ್ನೇ ಬರೆದಿಡುವ ಮಾದರಿ. ನೇರವಾಗಿ ಇಂಕ್‌ಸ್ಕೇಪ್‌ನಲ್ಲೇ ಶುರುಮಾಡಬಹುದಿತ್ತಲ್ಲ ಎಂದರೆ, ಹೌದು. ಆದರೆ ಆಧಾರ ಗೋಡೆಯ ಫೋಟೊ. ಅದರ ಓರೆ ತಿದ್ದಿದ್ದು, ಬೆಳಕು ಸರಿಮಾಡಿದ್ದು ಎಲ್ಲ ಜಿಂಪ್‌ನಲ್ಲಿ. ಗೆರೆಯೂ ಅಲ್ಲೇ ಮೂಡಿದರೆ ಕೆಲಸ ಹಗುರ.

ಗೆರೆ ಎಳೆಯುವುದು

ಮೊದಲು ಪರ್ಸ್‌ಪೆಕ್ಟಿವ್ ಉಪಕರಣವನ್ನು ‘ಕರೆಕ್ಟಿವ್’ ದಿಕ್ಕಿಗಿಟ್ಟು ಚಿತ್ತಾರದ ನಾಲ್ಕು ಮೂಲೆ ಹೊಂದಿಸಬೇಕು. ಇದನ್ನು ಬಿಟ್ಟರೆ ಚೌಕಗಳೆಲ್ಲ ಮೇಲಕ್ಕೆ ಹೋಗುತ್ತ ಕಿರಿದಾಗುತ್ತವೆ. ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಿಂದ (ಚಿತ್ರವನ್ನು ತಾನೇ ಗೆರೆಯಾಗಿಸುವ ಆಜ್ಞೆ) ಒಂದೇ ಏಟಿಗೆ ಮುಗಿಸುವ ಪ್ರಯತ್ನ ಫಲ ಕೊಡಲಿಲ್ಲ. ಕೆಮ್ಮಣ್ಣಿನ ಗೋಡೆ ಉರುಟು, ಪುಂಡಿ ನಾರಿನ ಕುಂಚದ ಅಕ್ಕಿ ಬಿಳಿಯ ಅಂಚು ಮುಕ್ಕುಮುಕ್ಕು. ಒಂದೊಂದು ಎಳೆಯ ಎರಡೂ ಬದಿಗೆ ರಾಶಿ ನೋಡ್‌ಗಳು (ಗೆರೆಯ ಬಿಂದುಗಳು) ಬಂದು ಕೂರುತ್ತವೆ. ಚಿತ್ತಾರಕ್ಕೆ ಬೇಕಿರುವುದು ಎಳೆಯ ನಡುಗೆರೆ, ಅಂಚಲ್ಲ.

ಹಾಗಾಗಿ ಪಾತ್ ಉಪಕರಣ, ಅದರಲ್ಲಿ ‘ಪಾಲಿಗೋನಲ್’ ಗುರುತು ಹಾಕಿಕೊಂಡು. ಆಗ ಎಳೆದಾಡಿದರೂ ಗೆರೆ ಬಾಗುವುದಿಲ್ಲ. ಮುಚ್ಚಿದ ಆಕೃತಿಗೆ ಕೊನೆಯಲ್ಲಿ ಕಂಟ್ರೋಲ್ ಒತ್ತಿ ಮೊದಲ ಬಿಂದುವಿನ ಮೇಲೆ ಕ್ಲಿಕ್ ಮಾಡಲೇಬೇಕು. ಮರೆತರೆ ಪರದೆಯ ಮೇಲೆ ಗೊತ್ತಾಗದು, ಬಣ್ಣ ತುಂಬಿದಾಗ ಆ ಸಂದು ಮುಚ್ಚಿದಂತೆಯೇ ಕಾಣುತ್ತದೆ. ಲೇಸರ್ ಮಾತ್ರ ಆ ಕೊನೆಯ ಗೆರೆಯನ್ನು ಕತ್ತರಿಸದೆ ಬಿಡುತ್ತದೆ.

ರಫ್ತು, ಮೊದಲ ಸುತ್ತು

ಪಾತ್ಸ್ ಡೈಲಾಗ್‌ನಲ್ಲಿ ಪಾತ್ ಮೇಲೆ ಬಲ ಕ್ಲಿಕ್, ‘ಎಕ್ಸ್‌ಪೋರ್ಟ್ ಪಾತ್’, ಹೆಸರಿನ ಕೊನೆಗೆ ಎಸ್‌ವಿಜಿ. ಆಯ್ದ ಪಾತ್ ಮಾತ್ರವೋ ಎಲ್ಲವೂ ಬೇಕೋ ಎಂಬುದನ್ನು ಅದೇ ಕಿಟಕಿಯಲ್ಲಿ ಆರಿಸಬೇಕು. ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋಗಿ ಪಿಎನ್‌ಜಿ ತೆಗೆದು ಅದನ್ನು ಎಸ್‌ವಿಜಿ ಮಾಡಲು ಹೊರಡುವುದು ಸುತ್ತುದಾರಿ. ಪಾತ್‌ನ ಹೆಸರೇ ಕಡತದಲ್ಲಿ ಐಡಿ ಆಗುತ್ತದೆ, ಐಡಿಯಲ್ಲಿ ಖಾಲಿ ಜಾಗ ಸಲ್ಲದು. ‘ಎಳೆ 1’ ಬದಲು ‘ಎಳೆ-1’ ಎಂದಿಡಿ.

ಮೊದಲ ಕಡತ 240 ಮಿಮೀ ಬದಲು 203.2 ಮಿಮೀ ಅಗಲ ಬಂತು. ಕ್ಯಾನ್ವಾಸ್ 2400 ಪಿಕ್ಸೆಲ್, ರೆಸಲ್ಯೂಶನ್ ಮಾತ್ರ ಜಿಂಪ್ ತಾನೇ ಇಟ್ಟ 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್). ಕಡತದ ಅಗಲ–ಎತ್ತರವನ್ನು ಜಿಂಪ್ ಬರೆಯುವುದು ಆ ಲೆಕ್ಕದಲ್ಲಿ: 2400 ÷ 300 = 8 ಇಂಚು. ಗೆರೆಯ ಬಿಂದುಗಳು ಮಾತ್ರ ಪಿಕ್ಸೆಲ್‌ನಲ್ಲೇ ಇರುತ್ತವೆ, ಎರಡನ್ನೂ ಹೊಂದಿಸುವುದು ಕಡತದೊಳಗಿನ ವ್ಯೂಬಾಕ್ಸ್ ಎಂಬ ಸೂಚನೆ. ಪ್ರಿಂಟ್ ಸೈಜ್‌ಗೆ ಹೋಗಿ 254 ಪಿಪಿಐ ಕೊಟ್ಟ ಮೇಲೆ ಸರಿಹೋಯಿತು. 254 ಯಾಕೆಂದರೆ ಇಂಚಿಗೆ 25.4 ಮಿಮೀ, ಅಲ್ಲಿಗೆ 1 ಮಿಮೀಗೆ ಸರಿಯಾಗಿ 10 ಪಿಕ್ಸೆಲ್. ಆಮೇಲೆ ಯಾವ ಅಳತೆಯೂ ಬಾಯಿಲೆಕ್ಕ. ಬಿಂದುಗಳು ಎರಡು ದಶಮಾಂಶ ಸ್ಥಾನದವರೆಗೆ ದಾಖಲಾಗುತ್ತವೆ, ಅಂದರೆ 0.001 ಮಿಮೀ. ಲೇಸರ್‌ಗೆ ಅಷ್ಟು ಸೂಕ್ಷ್ಮ ಬೇಕಾಗಿಯೂ ಇಲ್ಲ.

ದಪ್ಪ ಎಲ್ಲಿ ಹೋಯಿತು

ಜಿಂಪ್‌ನಲ್ಲಿ ‘ಸ್ಟ್ರೋಕ್ ಪಾತ್’ ಕೊಟ್ಟು ಎಷ್ಟೇ ದಪ್ಪಗೆ ಬಳಿದಿದ್ದರೂ ಅದು ಪಿಕ್ಸೆಲ್ ಪದರದ ಕೆಲಸ, ಪಾತ್‌ಗೆ ಅದರ ಅರಿವಿಲ್ಲ. ರಫ್ತಾದ ಕಡತದಲ್ಲಿ ಎಲ್ಲಕ್ಕೂ ಒಂದೇ ಉಡುಪು: ಫಿಲ್ (ಒಳಗೆ ತುಂಬುವ ಬಣ್ಣ) ಇಲ್ಲ, ಕಪ್ಪು ಗೆರೆ, ದಪ್ಪ 1. ನಮ್ಮ ಅಳತೆಯಲ್ಲಿ ಅದು 0.1 ಮಿಮೀ. ಇಂಕ್‌ಸ್ಕೇಪ್‌ನಲ್ಲಿ ಮೊದಲ ಸಲ ತೆರೆದಾಗ ಪುಟ ಖಾಲಿ ಎನ್ನಿಸುವುದು ಇದರಿಂದಲೇ.

ನೇರ ಗೆರೆಗಳನ್ನೂ ಜಿಂಪ್ ವಕ್ರರೇಖೆಯ ಆಜ್ಞೆಯಲ್ಲೇ ಬರೆಯುತ್ತದೆ, ಗೆರೆ ಬಾಗಿಸುವ ಹಿಡಿಕೆಗಳು ಬಿಂದುಗಳ ಮೇಲೆಯೇ ಕೂತಿರುತ್ತವೆ. ಇಂಕ್‌ಸ್ಕೇಪ್‌ನ ನೋಡ್ ಉಪಕರಣದಲ್ಲಿ ಎಲ್ಲ ನೋಡ್ ಆರಿಸಿ ಶಿಫ್ಟ್+ಎಲ್ ಒತ್ತಿದರೆ ನಿಜವಾದ ಸರಳರೇಖೆಗಳಾಗುತ್ತವೆ, ಕಡತವೂ ಸೊರಗುತ್ತದೆ. ಕಂಟ್ರೋಲ್+ಎಲ್, ಅಂದರೆ ಸಿಂಪ್ಲಿಫೈ, ಅಪ್ಪಿತಪ್ಪಿಯೂ ಬೇಡ. ಚಿತ್ತಾರದ ಮೂಲೆಗಳನ್ನೆಲ್ಲ ಅದು ದುಂಡಗೆ ಮಾಡಿಬಿಡುತ್ತದೆ. ಎರಡು ಶಾರ್ಟ್‌ಕಟ್‌ಗಳ ನಡುವೆ ಒಂದೇ ಕೀಲಿಯ ಅಂತರ, ಜೋಪಾನ.

ಆಮೇಲೆ ಗೆರೆಯ ದಪ್ಪ 2 ಮಿಮೀ. ಆಗ ಕೆಲವು ತ್ರಿಕೋನಗಳ ತುದಿ ಚೂಪಾಗಿಯೂ ಕೆಲವು ಮೊಂಡಾಗಿಯೂ ಕಂಡವು. ಎಸ್‌ವಿಜಿಯಲ್ಲಿ ಮೈಟರ್ ಮಿತಿ (ಮೂಲೆಯ ಚೂಪು ಎಷ್ಟು ಚಾಚಬಹುದೆಂಬ ಮಿತಿ) ಹೇಳದಿದ್ದರೆ 4 ಎಂದೇ ಲೆಕ್ಕ, ಸುಮಾರು 29 ಡಿಗ್ರಿಗಿಂತ ಕಿರಿದಾದ ಮೂಲೆಯ ತುದಿ ಅಲ್ಲಿಗೆ ಕತ್ತರಿ. ಮಿತಿಯನ್ನು 10ಕ್ಕೆ ಏರಿಸಿದರೆ ಸುಮಾರು 11.5 ಡಿಗ್ರಿಯವರೆಗೂ ಚೂಪು ಉಳಿಯುತ್ತದೆ. ಹಲವು ಲೇಸರ್ ತಂತ್ರಾಂಶಗಳು ಗೆರೆಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಕೊನೆಗೆ ಕಂಟ್ರೋಲ್+ಆಲ್ಟ್+ಸಿ ಕೊಟ್ಟು ಸ್ಟ್ರೋಕನ್ನು, ಅಂದರೆ ಗೆರೆಯ ದಪ್ಪವನ್ನು, ಪಾತ್ ಮಾಡಬೇಕು. ನಂತರ ಎಲ್ಲ ಎಳೆಗಳನ್ನೂ ಆರಿಸಿ ಯೂನಿಯನ್, ಅಂದರೆ ಒಂದೇ ಆಕೃತಿಯಾಗಿ ಬೆಸೆಯುವುದು. ಯೂನಿಯನ್ ಬಿಟ್ಟ ಪರೀಕ್ಷಾ ತುಂಡಿನಲ್ಲಿ ಎಳೆಗಳು ಹಾಯುವ ಕಡೆಯೆಲ್ಲ ಪುಟ್ಟ ಚೌಕಗಳು ಕೆತ್ತದೆ ಉಳಿದವು: ಒಂದರ ಮೇಲೊಂದು ಬಿದ್ದ ಜಾಗವನ್ನು ತಂತ್ರಾಂಶ ತೂತೆಂದು ಓದಿತ್ತು.

ಅಕ್ಷರ

‘ಬಾಲೂ ತಮ್ಮ’ ಎಂಬ ಫಾಂಟ್, ಅದರ ದಪ್ಪ ಮೈಗಾಗಿ. ಅಕ್ಷರಗಳು ಒಂದಕ್ಕೊಂದು ತಾಗುವಷ್ಟು ಅಂತರ ತಗ್ಗಿಸಿ, ಪಠ್ಯ ಪದರದ ಮೇಲೆ ಬಲ ಕ್ಲಿಕ್ ಮಾಡಿ ಪಾತ್‌ಗೆ ಬದಲಿಸಿದ್ದಾಯಿತು. ಜಿಂಪ್‌ನಲ್ಲಿ ಕನ್ನಡ ಒಡೆಯುವುದಿಲ್ಲ, ‘ಧೂ’ ಸರಿಯಾಗಿಯೇ ಕೂರುತ್ತದೆ.

ತೊಡಕು ಬಂದದ್ದು ಫಿಲ್ ನಿಯಮದಲ್ಲಿ, ಅಂದರೆ ಯಾವ ಭಾಗ ತುಂಬಬೇಕು, ಯಾವುದು ತೂತು ಎಂದು ತೀರ್ಮಾನಿಸುವಲ್ಲಿ. ನಾನ್‌ಜೀರೊ ಗೆರೆ ಸುತ್ತುವ ದಿಕ್ಕು ನೋಡುತ್ತದೆ, ಈವನ್-ಆಡ್ ಎರಡು ಆಕೃತಿ ಒಂದರ ಮೇಲೊಂದು ಬಿದ್ದ ಜಾಗವನ್ನು ತೂತೆನ್ನುತ್ತದೆ. ಅಂಚಿನಲ್ಲಿ ಒಂದರೊಳಗೊಂದು ಬಿಡಿಸಿದ ಚೌಕಗಳು ಒಂದೇ ದಿಕ್ಕಿಗೆ ಸುತ್ತಿದ್ದರಿಂದ, ನಾನ್‌ಜೀರೊ ನಿಯಮದಲ್ಲಿ ಒಳಚೌಕ ತುಂಬಿಹೋಗಿತ್ತು. ಅದಕ್ಕೆ ಎಲ್ಲಕ್ಕೂ ಈವನ್-ಆಡ್ ಕೊಟ್ಟರೆ ಅಂಚು ಸರಿಯಾಯಿತು, ಪದ ಕೆಟ್ಟಿತು: ಅಕ್ಷರಗಳು ತಾಗಿದ ಕಡೆಯೆಲ್ಲ ಬಿಳಿ ಚಕ್ಕೆ. ಹಾಗೇ ಕತ್ತರಿಸಿದ್ದರೆ ಪದ ನಾಲ್ಕು ತುಂಡಾಗುತ್ತಿತ್ತು. ಅಂಚಿಗೆ ಈವನ್-ಆಡ್, ಪದಕ್ಕೆ ನಾನ್‌ಜೀರೊ ಇಟ್ಟು ಅದರ ಮೇಲೆ ಯೂನಿಯನ್ ಮಾಡುವುದೇ ಪರಿಹಾರ. ಫಾಂಟ್‌ನಲ್ಲಿ ‘ವ’, ‘ರ’ಗಳ ಒಳಗೆರೆ ಹೊರಗೆರೆಗೆ ಎದುರು ದಿಕ್ಕಿನಲ್ಲಿ ಸುತ್ತುವುದರಿಂದ ತೂತು ತಾನಾಗಿ ಉಳಿಯುತ್ತದೆ. ಅಂಚು, ಪದ ಇವೆರಡನ್ನು ಕಂಟ್ರೋಲ್+ಕೆ ಒತ್ತಿ ಒಂದೇ ವಸ್ತು ಮಾಡಬಾರದು, ಒಂದು ವಸ್ತುವಿಗೆ ಒಂದೇ ನಿಯಮ.

ಫೋಟೋಶಾಪ್‌ನ ಕಡತ

ಒಂದು ಹೂವಿನ ಆಕೃತಿ ಫೋಟೋಶಾಪ್‌ನಿಂದ ಎಸ್‌ವಿಜಿಯಾಗಿ ಬಂದಿತ್ತು. ಹಿಗ್ಗಿಸಿದರೆ ಮಸುಕು. ಪಠ್ಯ ಸಂಪಾದಕದಲ್ಲಿ ತೆರೆದಾಗ ಪಾತ್ ಟ್ಯಾಗ್ ಒಂದೂ ಇಲ್ಲ, ಇಮೇಜ್ ಟ್ಯಾಗ್‌ನೊಳಗೆ ಬೇಸ್64 (ಪಿಕ್ಸೆಲ್ ಚಿತ್ರವನ್ನು ಅಕ್ಷರಗಳಾಗಿ ಬರೆಯುವ ರೀತಿ) ಅಕ್ಷರಗಳ ಸಂತೆ. ರಾಸ್ಟರೈಸ್ ಆದ, ಅಂದರೆ ಬರೀ ಪಿಕ್ಸೆಲ್ ಆದ ಪದರವನ್ನು ಎಸ್‌ವಿಜಿ ಎಂಬ ಚೀಲಕ್ಕೆ ತುಂಬಿದ್ದು ಅಷ್ಟೆ. ಶೇಪ್ ಪದರವಾಗಿಯೇ ಉಳಿಸಿಕೊಂಡು, ಫೈಲ್ ಮೆನುವಿನ ‘ಪಾತ್ಸ್ ಟು ಇಲ್ಲಸ್ಟ್ರೇಟರ್’ ಮೂಲಕ ತೆಗೆಸಿದಾಗ ನಿಜವಾದ ಗೆರೆ ಸಿಕ್ಕಿತು.

ಈಗಿನ ಸ್ಥಿತಿ

ಅಂಚಿನ ಕೆತ್ತನೆ ಕಪ್ಪು ಬಣ್ಣದಲ್ಲಿ, ಪದದ ಹೊರಗೆರೆ ಕೆಂಪಿನಲ್ಲಿ, ಲೇಸರ್ ತಂತ್ರಾಂಶ ಪದರ ಬೇರ್ಪಡಿಸಲೆಂದು. ಕಡತ ಪ್ಲೇನ್ ಎಸ್‌ವಿಜಿ (ಇಂಕ್‌ಸ್ಕೇಪ್‌ನ ಸ್ವಂತ ಮಾಹಿತಿ ಇಲ್ಲದ ಎಸ್‌ವಿಜಿ) ಆಗಿ ಉಳಿದಿದೆ. ಇದೇ ಪದವನ್ನು ಗೋಡೆಗೆ ಬಳಿಯುವ ಸ್ಟೆನ್ಸಿಲ್ ಮಾಡುವುದು ಬಾಕಿ. ಅಲ್ಲಿ ಲೆಕ್ಕ ತಿರುವುಮುರುವು: ಅಕ್ಷರವೇ ತೂತು, ‘ರ’ದ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಎದುರುಬದುರು 2 ಮಿಮೀಯ ಎರಡು ಸೇತುವೆಗಳನ್ನು ಡಿಫರೆನ್ಸ್ ಆಜ್ಞೆಯಿಂದ ಕೊರೆಯಬೇಕು, ‘ವ’ಗಳಿಗೂ ಹಾಗೆಯೇ.